ಗಂಟಿನಿಂದ ಗಂಟಿಗೆ ಎಷ್ಟು ದೂರ? ಬಹುಪದೋಕ್ತಿ ಎಲ್ಲಿಯವರೆಗೆ ನೆರವಾಗುತ್ತದೆ

ಪ್ರಶ್ನೆ: ಗಂಟು ಸಿದ್ಧಾಂತವನ್ನು, ಅಂದರೆ ತುದಿಗಳನ್ನು ಸೇರಿಸಿದ ದಾರದ ಗಂಟುಗಳ ಗಣಿತವನ್ನು, ಸ್ವಂತವಾಗಿ ಓದುತ್ತಿದ್ದೇನೆ. ಒಂದು ಕ್ರಾಸಿಂಗ್‌ನಲ್ಲಿ ಮೇಲಿನ ಎಳೆಯನ್ನು ಕೆಳಗೆ ಮಾಡುವುದು ಒಂದು ಹೆಜ್ಜೆ ಎಂದು ಎಣಿಸಿದರೆ, ಟ್ರೆಫಾಯಿಲ್‌ನಿಂದ (ಮೂರು ಕ್ರಾಸಿಂಗ್‌ಗಳ ಗಂಟು) ಎಂಟಾಕಾರದ ಗಂಟಿಗೆ ಹೋಗಲು ನನ್ನ ಚಿತ್ರದಲ್ಲಿ ಎರಡು ಹೆಜ್ಜೆ ಬೇಕಾಗುತ್ತಿವೆ. ಪ್ರತಿ ಗಂಟಿಗೂ ಒಂದು ಪೂರ್ಣಾಂಕ ಕೊಡುವ ಸಿಗ್ನೇಚರ್‌ನ ಸೂತ್ರ ‘ಕನಿಷ್ಠ ಒಂದು’ ಎಂದಷ್ಟೇ ಹೇಳುತ್ತದೆ. ಗಂಟಿನ ಚಿತ್ರದಿಂದ ಲೆಕ್ಕ ಹಾಕುವ ಜೋನ್ಸ್ ಬಹುಪದೋಕ್ತಿ ಎರಡೂ ಗಂಟುಗಳದ್ದೂ ನನ್ನ ಬಳಿ ಇದೆ. ಅದರಿಂದ ದೂರ ಒಂದೋ ಎರಡೋ ಎಂದು ತೀರ್ಮಾನಿಸಬಹುದೇ? ಬಹುಪದೋಕ್ತಿಗಳು ಹತ್ತಿರವಿದ್ದರೆ ಗಂಟುಗಳೂ ಹತ್ತಿರವೇ? ಇನ್ನೊಂದು: ಆರು ಕ್ರಾಸಿಂಗ್‌ಗಳ (2,6) ಟೋರಸ್ ಕೊಂಡಿಯನ್ನು (ಒಂದಕ್ಕೊಂದು ಹೆಣೆದ ಎರಡು ಉಂಗುರಗಳನ್ನು) ಬಿಡಿಸುವ ದೂರ ಒಂದು ಕಡೆ 3, ಇನ್ನೊಂದು ಕಡೆ 6, ಬೇರೆಡೆ 5 ಮತ್ತು 1 ಎಂದು ಓದಿದೆ. ಯಾವುದು ಸರಿ?

ಉತ್ತರ: ನಿಮ್ಮ ಚಿತ್ರ ಸರಿಯಾಗಿದೆ, ದೂರ ಎರಡೇ. ಅದನ್ನು ಸಾಧಿಸಲು ಜೋನ್ಸ್ ಬಹುಪದೋಕ್ತಿ ಒಂದೇ ಸಾಲದು, ಸಿಗ್ನೇಚರ್ ಒಂದೇ ಸಾಲದು. ಎರಡನ್ನೂ ಜೊತೆಯಲ್ಲಿ ಬಳಸಿದರೆ ಅರ್ಧ ಪುಟದಲ್ಲಿ ಮುಗಿಯುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’. ಮೂರನೆಯದರಲ್ಲಿ ನೀವು ಓದಿದ ನಾಲ್ಕೂ ಸಂಖ್ಯೆಗಳು ಸರಿ, ಆದರೆ ಅವು ನಾಲ್ಕು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು.

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಗಂಟುಗಳ ಪಟ್ಟಿಯಲ್ಲಿ 5₁ ಮತ್ತು 10₁₃₂ ಎಂಬ ಎರಡು ಗಂಟುಗಳಿವೆ (ದೊಡ್ಡ ಅಂಕಿ ಕನಿಷ್ಠ ಕ್ರಾಸಿಂಗ್‌ಗಳ ಸಂಖ್ಯೆ, ಕೆಳಗಿನದು ಪಟ್ಟಿಯಲ್ಲಿನ ಕ್ರಮ). ಕನ್ನಡಿ ಬಿಂಬವನ್ನು ಸರಿಯಾಗಿ ಆರಿಸಿಕೊಂಡರೆ ಇವೆರಡರ ಜೋನ್ಸ್ ಬಹುಪದೋಕ್ತಿ ಒಂದೇ. ಅಲೆಕ್ಸಾಂಡರ್ ಬಹುಪದೋಕ್ತಿಯೂ ಒಂದೇ. ಆ ಎರಡನ್ನೂ ಒಳಗೊಳ್ಳುವ, ಎರಡು ಚರಾಕ್ಷರಗಳ ಹೋಮ್‌ಫ್ಲಿಪಿಟಿ ಬಹುಪದೋಕ್ತಿಯೂ ಒಂದೇ. ಅಂದರೆ ಬಹುಪದೋಕ್ತಿಗಳ ‘ವ್ಯತ್ಯಾಸ’ ಸೊನ್ನೆ. ಆದರೆ 5₁ ಅನ್ನು ಬಿಡಿಸಲು ಎರಡು ಕ್ರಾಸಿಂಗ್ ಬದಲಿಸಬೇಕು, 10₁₃₂ಕ್ಕೆ ಒಂದೇ ಸಾಕು. 5₁ರ ಸಿಗ್ನೇಚರ್‌ನ ಗಾತ್ರ 4, 10₁₃₂ರದು 0. ಒಂದು ಕ್ರಾಸಿಂಗ್ ಬದಲಾವಣೆಯಲ್ಲಿ ಸಿಗ್ನೇಚರ್ 2ಕ್ಕಿಂತ ಹೆಚ್ಚು ಕದಲುವುದಿಲ್ಲ. ಹಾಗಾಗಿ ಇವೆರಡರ ನಡುವೆ ಕನಿಷ್ಠ ಎರಡು ಹೆಜ್ಜೆ ಇದ್ದೇ ಇದೆ.

ಗಂಟುಗಳು ಹತ್ತಿರವಿದ್ದರೆ ಬಹುಪದೋಕ್ತಿಗಳೂ ಹತ್ತಿರ ಎಂದು ತಿರುಗಾಮುರುಗಾ ಮಾಡಿದರೂ ಸುಳ್ಳೇ. ಒಂದು ದಾರವನ್ನು ಹಲವು ಸುತ್ತು ತಿರುಚಿ ತುದಿಗಳನ್ನು ಕೊಕ್ಕೆಯಂತೆ ಸಿಕ್ಕಿಸಿದರೆ ಬರುವ ‘ಟ್ವಿಸ್ಟ್’ ಗಂಟುಗಳನ್ನು ನೋಡಿ. ಕೊಕ್ಕೆಯ ಒಂದು ಕ್ರಾಸಿಂಗ್ ಬದಲಿಸಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಗಂಟಿಲ್ಲದ ಬರಿ ಉಂಗುರಕ್ಕೆ ದೂರ ಒಂದೇ. ಆದರೆ ತಿರುಚಿದ ಸುತ್ತುಗಳು ಹೆಚ್ಚಿದಂತೆ ಅವುಗಳ ಅಲೆಕ್ಸಾಂಡರ್ ಬಹುಪದೋಕ್ತಿಯ ಸಹಗುಣಕಗಳು ಎಷ್ಟು ಬೇಕಾದರೂ ದೊಡ್ಡದಾಗುತ್ತವೆ. ಸಹಗುಣಕಗಳನ್ನು ಕಳೆದು ದೂರ ಅಳೆಯುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ.

ಹಾಗಾದರೆ ಬಹುಪದೋಕ್ತಿಯ ಕೆಲಸವೇನು? ಅದು ದೂರವನ್ನು ಅಳೆಯುವುದಿಲ್ಲ, ಹೆಜ್ಜೆಗಳನ್ನು ನಿಷೇಧಿಸುತ್ತದೆ. ‘ಇಂಥ ಬೆಲೆಯಿರುವ ಗಂಟಿನಿಂದ ಇಂಥ ಬೆಲೆಯಿರುವ ಗಂಟಿಗೆ ಒಂದೇ ಹೆಜ್ಜೆಯಲ್ಲಿ ಹೋಗಲಾಗದು’ ಎಂಬುದೇ ಅದರ ಮಾತು. ದೂರದ ಮೇಲಿನ ಮಿತಿ ಯಾವಾಗಲೂ ಚಿತ್ರದಿಂದ ಬರುತ್ತದೆ: ಹೆಜ್ಜೆ ಹಾಕಿ ತೋರಿಸಬೇಕು. ಕೆಳಗಿನ ಮಿತಿ ನಿಷೇಧದಿಂದ ಬರುತ್ತದೆ. ಎರಡೂ ಒಂದೇ ಸಂಖ್ಯೆಯಲ್ಲಿ ಸೇರಿದಾಗ ದೂರ ಗೊತ್ತಾಯಿತು ಎನ್ನಬಹುದು.

ಈಗ ನಿಮ್ಮ ಜೋಡಿಗೆ ಬರೋಣ. ಸೂತ್ರಗಳಿಗೆ ಕನ್ನಡ ಅಕ್ಷರಗಳನ್ನೇ ಬಳಸುತ್ತೇನೆ. ಜೋನ್ಸ್ ಬಹುಪದೋಕ್ತಿ ‘ವ’. ಅದರ ಚರಾಕ್ಷರದ ವರ್ಗಮೂಲವನ್ನು ‘ಸ’ ಎನ್ನೋಣ. ಆಗ ಅರ್ಧ ಘಾತಗಳ ಕಿರಿಕಿರಿ ಇರುವುದಿಲ್ಲ. ಪುಸ್ತಕದಲ್ಲಿ ಚರಾಕ್ಷರದ ಘಾತ 3 ಎಂದಿದ್ದರೆ ಇಲ್ಲಿ ಅದು ಸ⁶. −1ರ ವರ್ಗಮೂಲ ‘ಐ’.

ಗಂಟಿನ ಮೇಲೆ ಒಂದು ದಿಕ್ಕಿಗೆ ಬಾಣ ಹಾಕಿಕೊಳ್ಳಿ. ಕ್ರಾಸಿಂಗ್‌ನಲ್ಲಿ ಮೇಲಿನ ಎಳೆಯ ಬಾಣವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅರ್ಧ ಸುತ್ತಿಗಿಂತ ಕಡಿಮೆ ತಿರುಗಿಸಿದಾಗ ಅದು ಕೆಳಗಿನ ಬಾಣದ ಮೇಲೆ ಕೂತರೆ ಆ ಕ್ರಾಸಿಂಗ್ ಧನ, ಇಲ್ಲದಿದ್ದರೆ ಋಣ. ಉಳಿದ ಚಿತ್ರವನ್ನು ಮುಟ್ಟದೆ ಒಂದೇ ಒಂದು ಕ್ರಾಸಿಂಗನ್ನು ಧನ ಮಾಡಿದರೆ ಬರುವ ಬೆಲೆ ವ(+), ಋಣ ಮಾಡಿದರೆ ವ(−), ಅದನ್ನು ಕತ್ತರಿಸಿ ಬಾಣಗಳು ಕೆಡದಂತೆ ಪಕ್ಕಪಕ್ಕಕ್ಕೆ ಜೋಡಿಸಿದರೆ ವ(0). ವಾನ್ ಜೋನ್ಸ್ 1985ರಲ್ಲಿ ಪ್ರಕಟಿಸಿದ ಬಹುಪದೋಕ್ತಿ ಈ ಮೂರನ್ನೂ ಹೀಗೆ ಕಟ್ಟಿಹಾಕುತ್ತದೆ:

ಸ⁻²·ವ(+) − ಸ²·ವ(−) = (ಸ − ಸ⁻¹)·ವ(0)

ಬರಿ ಉಂಗುರಕ್ಕೆ ಬೆಲೆ 1. ಒಂದಕ್ಕೊಂದು ಸಿಕ್ಕಿಕೊಳ್ಳದ ಎರಡು ಉಂಗುರಗಳಿಗೆ −(ಸ + ಸ⁻¹). ಇಷ್ಟರಿಂದಲೇ ಹಾಫ್ (Hopf) ಕೊಂಡಿ, ಅಂದರೆ ಒಮ್ಮೆ ಸಿಕ್ಕಿಸಿದ ಎರಡು ಉಂಗುರಗಳು, ಧನ ಕ್ರಾಸಿಂಗ್‌ಗಳಿದ್ದಾಗ −ಸ − ಸ⁵ ಎಂದು ಬರುತ್ತದೆ. ಬಲಗೈ ಟ್ರೆಫಾಯಿಲ್‌ನ (ಮೂರೂ ಕ್ರಾಸಿಂಗ್ ಧನವಾಗಿರುವುದು) ಒಂದು ಕ್ರಾಸಿಂಗ್ ಬದಲಿಸಿದರೆ ಬರಿ ಉಂಗುರ, ಕತ್ತರಿಸಿ ಜೋಡಿಸಿದರೆ ಹಾಫ್ ಕೊಂಡಿ; ಆದ್ದರಿಂದ ಅದರ ಬೆಲೆ ಸ² + ಸ⁶ − ಸ⁸. ಈ ಮೂರು ಸಾಲನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಚಿಹ್ನೆಯ ತಪ್ಪುಗಳು ಇದ್ದರೆ ಇಲ್ಲೇ ಬಯಲಾಗುತ್ತವೆ. ಎಂಟಾಕಾರದ ಗಂಟಿಗೆ ಸ⁴ − ಸ² + 1 − ಸ⁻² + ಸ⁻⁴.

ಆ ಸಮೀಕರಣದಿಂದ ನೇರವಾಗಿ ದೂರದ ಮಿತಿ ಏಕೆ ಬರುವುದಿಲ್ಲ? ಬಲಗಡೆಯ ವ(0) ನಮ್ಮ ಕೈಯಲ್ಲಿಲ್ಲ. ಎರಡು ಗಂಟುಗಳನ್ನು ಕೊಟ್ಟಾಗ ಮಧ್ಯದ ಆ ಕೊಂಡಿ ಯಾವುದೋ ಗೊತ್ತಿಲ್ಲ, ಏನು ಬೇಕಾದರೂ ಆಗಿರಬಹುದು. ಹಾಗಾಗಿ ವ(0) ಏನೇ ಆಗಿದ್ದರೂ ಅದರ ಬೆಲೆ ಕೆಲವೇ ಸಂಖ್ಯೆಗಳಿಗೆ ಸೀಮಿತವಾಗಿರುವಂಥ ಜಾಗದಲ್ಲಿ ಬಹುಪದೋಕ್ತಿಯನ್ನು ಕೇಳಬೇಕು. ಅಂಥ ಜಾಗವೊಂದಿದೆ: ಸ ಅನ್ನು ಉದ್ದ 1, ಕೋನ 30 ಡಿಗ್ರಿ ಇರುವ ಸಂಕೀರ್ಣ ಸಂಖ್ಯೆಯಾಗಿ ತೆಗೆದುಕೊಳ್ಳುವುದು. ಅಲ್ಲಿ ಯಾವುದೇ ಕೊಂಡಿಯ ಜೋನ್ಸ್ ಬೆಲೆಯ ಗಾತ್ರದ ವರ್ಗ 3ರ ಒಂದು ಘಾತವೇ ಆಗಿರುತ್ತದೆ: 1, 3, 9, 27 ಹೀಗೆ. ಇದು ಲಿಕೊರಿಶ್ ಮತ್ತು ಮಿಲೆಟ್ ಅವರ 1986ರ ಪ್ರಮೇಯ. ಇದಕ್ಕೆ ಕೈಗೆಟುಕುವ ಅರ್ಥವೂ ಇದೆ. ಚಿತ್ರದ ಪ್ರತಿ ಎಳೆಗೆ ಮೂರು ಬಣ್ಣಗಳಲ್ಲಿ ಒಂದನ್ನು ಕೊಡಿ. ಪ್ರತಿ ಕ್ರಾಸಿಂಗ್‌ನಲ್ಲಿ ಸೇರುವ ಮೂರು ಎಳೆಗಳು ಒಂದೇ ಬಣ್ಣದವಾಗಿರಬೇಕು, ಇಲ್ಲವೇ ಮೂರೂ ಬೇರೆ ಬಣ್ಣದವಾಗಿರಬೇಕು. ಹೀಗೆ ಬಣ್ಣ ಹಚ್ಚುವ ವಿಧಾನಗಳ ಸಂಖ್ಯೆ, ಆ ಗಾತ್ರದ ವರ್ಗದ ಮೂರರಷ್ಟು. ಟ್ರೆಫಾಯಿಲ್‌ಗೆ 9 ವಿಧಾನ, ಎಂಟಾಕಾರದ ಗಂಟಿಗೆ 3 ಮಾತ್ರ, ಅಂದರೆ ಒಂದೇ ಬಣ್ಣದವು.

ಬೆಲೆ ಹಾಕೋಣ. 30 ಡಿಗ್ರಿಯಲ್ಲಿ ಸ − ಸ⁻¹ = ಐ. ಸ⁶ = −1, ಸ⁸ = −ಸ². ಆದ್ದರಿಂದ ಬಲಗೈ ಟ್ರೆಫಾಯಿಲ್: ಸ² − 1 + ಸ² = 2ಸ² − 1. ಸ² ಎಂದರೆ 60 ಡಿಗ್ರಿ, (1 + ಐ√3)/2. ಉತ್ತರ ಐ√3. ಗಾತ್ರದ ವರ್ಗ 3, ಬಣ್ಣಗಳ ಲೆಕ್ಕಕ್ಕೆ ತಾಳೆಯಾಯಿತು. ಎಂಟಾಕಾರದ ಗಂಟು: ಸ⁴ + ಸ⁻⁴ = −1, ಸ² + ಸ⁻² = 1, ಹಾಗಾಗಿ −1 − 1 + 1 = −1.

ಈಗ ಟ್ರೆಫಾಯಿಲ್‌ನಿಂದ ಎಂಟಾಕಾರಕ್ಕೆ ಒಂದೇ ಹೆಜ್ಜೆ ಸಾಕು ಎಂದು ಇಟ್ಟುಕೊಳ್ಳೋಣ. ಆ ಹೆಜ್ಜೆ ಎರಡೇ ರೀತಿ ಇರಲು ಸಾಧ್ಯ: ಧನದಿಂದ ಋಣಕ್ಕೆ, ಅಥವಾ ಋಣದಿಂದ ಧನಕ್ಕೆ.

ಮೊದಲನೆಯದರಲ್ಲಿ ವ(+) = ಐ√3, ವ(−) = −1. ಸಮೀಕರಣದ ಎಡಗಡೆ: ಸ⁻²·ಐ√3 + ಸ² = (3 + ಐ√3)/2 + (1 + ಐ√3)/2 = 2 + ಐ√3. ಇದರ ಗಾತ್ರದ ವರ್ಗ 4 + 3 = 7. ಬಲಗಡೆ ಇರುವುದು ಐ·ವ(0), ಅದರ ಗಾತ್ರದ ವರ್ಗ 3ರ ಘಾತವಾಗಿರಲೇಬೇಕು. 7 ಅಲ್ಲ. ಈ ಹೆಜ್ಜೆ ಅಸಾಧ್ಯ.

ಎರಡನೆಯದರಲ್ಲಿ ವ(+) = −1, ವ(−) = ಐ√3. ಎಡಗಡೆ ಲೆಕ್ಕ ಹಾಕಿದರೆ 1 ಬರುತ್ತದೆ, ವ(0) = −ಐ. ಇದು ಹಾಫ್ ಕೊಂಡಿಯ ಬೆಲೆಯೂ ಹೌದು. ಜೋನ್ಸ್ ಕಡೆಯಿಂದ ಯಾವ ಆಕ್ಷೇಪವೂ ಇಲ್ಲ. ಇಲ್ಲಿ ಸಿಗ್ನೇಚರನ್ನು ಕರೆಯಬೇಕು, ಆದರೆ ನೀವು ಬಳಸಿದ ಗಾತ್ರದ ಸೂತ್ರವನ್ನಲ್ಲ, ದಿಕ್ಕಿನ ಸೂತ್ರವನ್ನು. ಬಲಗೈ ಟ್ರೆಫಾಯಿಲ್‌ಗೆ −2 ಎಂಬ ರೂಢಿಯನ್ನು ಹಿಡಿದರೆ, ಧನ ಕ್ರಾಸಿಂಗನ್ನು ಋಣ ಮಾಡಿದಾಗ ಗಂಟಿನ ಸಿಗ್ನೇಚರ್ ಹಾಗೇ ಉಳಿಯುತ್ತದೆ ಅಥವಾ 2 ಏರುತ್ತದೆ, ಎಂದೂ ಇಳಿಯುವುದಿಲ್ಲ. ಋಣವನ್ನು ಧನ ಮಾಡಿದರೆ ಹಾಗೇ ಉಳಿಯುತ್ತದೆ ಅಥವಾ 2 ಇಳಿಯುತ್ತದೆ. ಟ್ರೆಫಾಯಿಲ್ −2, ಎಂಟಾಕಾರ 0: ಏರಬೇಕಾಗಿದೆ, ಆದರೆ ಋಣದಿಂದ ಧನಕ್ಕೆ ಹೋಗುವಾಗ ಏರಲು ಬರುವುದಿಲ್ಲ. ಎರಡನೆಯ ಬಾಗಿಲೂ ಮುಚ್ಚಿತು.

ಎರಡೂ ಗಂಟುಗಳು ಒಂದೊಂದು ಹೆಜ್ಜೆಯಲ್ಲಿ ಬರಿ ಉಂಗುರವಾಗುತ್ತವೆ, ಆದ್ದರಿಂದ ಉಂಗುರದ ಮೂಲಕ ಎರಡು ಹೆಜ್ಜೆ ಸಾಕು. ದೂರ 2. ಎಂಟಾಕಾರದ ಗಂಟು ತನ್ನ ಕನ್ನಡಿ ಬಿಂಬದಂತೆಯೇ ಇರುವುದರಿಂದ ಎಡಗೈ ಟ್ರೆಫಾಯಿಲ್‌ಗೂ ಇದೇ ಉತ್ತರ. ‘ಎಷ್ಟು’ ಎಂಬುದರ ಜೊತೆ ‘ಯಾವ ಕಡೆಗೆ’ ಎಂದೂ ಕೇಳಿದ್ದರಿಂದಲೇ ಈ ಲೆಕ್ಕ ಬಗೆಹರಿಯಿತು. ನಿಮ್ಮ ಮೊದಲ ಪ್ರಯತ್ನದಲ್ಲಿ ತಪ್ಪಿಹೋದದ್ದು ಆ ಚಿಹ್ನೆ ಮಾತ್ರ.

ಮುಂದೆ ಬೇರೆ ಜೋಡಿಗಳಿಗೂ ಬೇಕಾಗುತ್ತದೆ, ಆದ್ದರಿಂದ ಇದೇ ಲೆಕ್ಕವನ್ನು ಸಾಮಾನ್ಯ ರೂಪದಲ್ಲಿ ಬರೆದಿಟ್ಟುಕೊಳ್ಳಿ: ಒಂದು ಕ್ರಾಸಿಂಗ್ ಬದಲಾವಣೆಯಲ್ಲಿ ವ(+)/ವ(−) ಎಂಬ ಅನುಪಾತ 1, −1, ಐ√3, ಐ/√3 ಈ ನಾಲ್ಕರಲ್ಲಿ ಒಂದಾಗಿರಬೇಕು. −ಐ√3 ಬಂದರೆ ಹೆಜ್ಜೆ ಇಲ್ಲ, −ಐ/√3 ಬಂದರೂ ಇಲ್ಲ. ಗಾತ್ರ √3ಕ್ಕಿಂತ ಹೆಚ್ಚು ಪಟ್ಟು ಬದಲಾದರೂ ಇಲ್ಲ.

ಗಾತ್ರವೊಂದೇ ಕೆಲಸ ಮಾಡುವ ಉದಾಹರಣೆಯೂ ನೋಡಿ. ಬಲಗೈ ಟ್ರೆಫಾಯಿಲ್ ಮತ್ತು ಎಡಗೈ ಟ್ರೆಫಾಯಿಲ್ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದರೆ ಸ್ಕ್ವೇರ್ ನಾಟ್. ಸಿಗ್ನೇಚರ್ −2 + 2 = 0, ಹಾಗಾಗಿ ಸಿಗ್ನೇಚರ್ ಒಂದಕ್ಷರವನ್ನೂ ಹೇಳುವುದಿಲ್ಲ. ಜೋನ್ಸ್ ಬೆಲೆ ಗುಣಿಸುತ್ತದೆ: (ಐ√3)(−ಐ√3) = 3. ಬರಿ ಉಂಗುರದ 1ರಿಂದ 3ಕ್ಕೆ ಬರಲು √3 ಪಟ್ಟಿನ ಎರಡು ನೆಗೆತ ಬೇಕು. ಆದ್ದರಿಂದ ಸ್ಕ್ವೇರ್ ನಾಟ್ ಬಿಡಿಸಲು ಕನಿಷ್ಠ ಎರಡು, ಚಿತ್ರದಲ್ಲೂ ಎರಡು. ಆದರೆ ಬಲಗೈ ಟ್ರೆಫಾಯಿಲ್‌ನಿಂದ ಎಡಗೈ ಟ್ರೆಫಾಯಿಲ್‌ಗೆ ಎಷ್ಟು ಎಂದು ಕೇಳಿದರೆ ಪಾತ್ರಗಳು ಅದಲುಬದಲಾಗುತ್ತವೆ. ಜೋನ್ಸ್ ಅನುಪಾತ −1, ಅದಕ್ಕೆ ಆಕ್ಷೇಪವಿಲ್ಲ. ಸಿಗ್ನೇಚರ್ ಮಾತ್ರ −2ರಿಂದ 2ಕ್ಕೆ ಹೋಗಬೇಕು ಎಂದು ಎರಡು ಹೆಜ್ಜೆ ಕೇಳುತ್ತದೆ. ಯಾವ ಜೋಡಿಗೆ ಯಾವ ಆಯುಧ ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು. ಎಲ್ಲವನ್ನೂ ಹಾಕಿ ನೋಡಬೇಕು.

ಅಲೆಕ್ಸಾಂಡರ್ ಬಹುಪದೋಕ್ತಿಯ ಇನ್ನೊಂದು ರೂಪವಾದ ಕಾನ್ವೇ ಬಹುಪದೋಕ್ತಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಅದು ಬೇರೆ ಬಗೆಯ ಹೆಜ್ಜೆಗೆ ಹೇಳಿಮಾಡಿಸಿದಂತಿದೆ. ಗಂಟಿನ ಕಾನ್ವೇ ಬಹುಪದೋಕ್ತಿಯಲ್ಲಿ ಎರಡನೇ ಘಾತದ ಸಹಗುಣಕ ಟ್ರೆಫಾಯಿಲ್‌ಗೆ 1, ಎಂಟಾಕಾರಕ್ಕೆ −1, 5₁ಕ್ಕೆ 3. ಒಂದು ಕ್ರಾಸಿಂಗ್ ಬದಲಿಸಿದಾಗ ಈ ಸಂಖ್ಯೆ ಎಷ್ಟು ಬೇಕಾದರೂ ಬದಲಾಗಬಹುದು: ಬದಲಾವಣೆ, ಕತ್ತರಿಸಿ ಜೋಡಿಸಿದಾಗ ಬರುವ ಎರಡು ಉಂಗುರಗಳ ಲಿಂಕಿಂಗ್ ಸಂಖ್ಯೆಯಷ್ಟು (ಒಂದು ಉಂಗುರ ಇನ್ನೊಂದನ್ನು ಒಟ್ಟು ಎಷ್ಟು ಸಲ ಸುತ್ತಿದೆ ಎಂಬ ಎಣಿಕೆ), ಅದಕ್ಕೆ ಮಿತಿ ಇಲ್ಲ. ಆದರೆ ಮೂರು ಎಳೆಗಳು ತ್ರಿಕೋನವಾಗಿ ಒಂದರ ಮೇಲೊಂದು ಸುತ್ತಿಕೊಂಡಿರುವಲ್ಲಿ ಮೂರನ್ನೂ ಒಟ್ಟಿಗೆ ದಾಟಿಸುವ ಡೆಲ್ಟಾ ಹೆಜ್ಜೆಯಲ್ಲಿ ಇದು ಸರಿಯಾಗಿ 1 ಏರುತ್ತದೆ ಅಥವಾ 1 ಇಳಿಯುತ್ತದೆ. ಹಾಗಾಗಿ ಡೆಲ್ಟಾ ದೂರಕ್ಕೆ ಈ ಸಹಗುಣಕಗಳ ವ್ಯತ್ಯಾಸವೇ ಕೆಳಮಿತಿ, ಮತ್ತು ದೂರ ಸಮವೋ ಬೆಸವೋ ಎಂಬುದೂ ಅದರಿಂದಲೇ ನಿರ್ಧಾರ. 5₁ ಬಿಡಿಸಲು ಡೆಲ್ಟಾ ಹೆಜ್ಜೆ ಕನಿಷ್ಠ ಮೂರು. ಒಂದೇ ಕ್ರಾಸಿಂಗ್‌ನಲ್ಲಿ ಬಿಚ್ಚಿಕೊಳ್ಳುವ ಟ್ವಿಸ್ಟ್ ಗಂಟುಗಳು ಡೆಲ್ಟಾ ಲೆಕ್ಕದಲ್ಲಿ ಎಷ್ಟು ದೂರ ಬೇಕಾದರೂ ಇರಬಹುದು. ಹೆಜ್ಜೆ ಯಾವುದು ಎಂದು ಹೇಳದೆ ದೂರ ಎಂಬ ಮಾತಿಗೆ ಅರ್ಥವಿಲ್ಲ.

(2,6) ಕೊಂಡಿಯ ಗೊಂದಲವೂ ಇದೇ. ಎರಡು ಉಂಗುರಗಳು ಒಂದನ್ನೊಂದು ಹಗ್ಗದ ಎಳೆಗಳಂತೆ ಹೆಣೆದುಕೊಂಡಿವೆ, ಆರು ಕ್ರಾಸಿಂಗ್, ಲಿಂಕಿಂಗ್ ಸಂಖ್ಯೆಯ ಗಾತ್ರ 3.

ಹೆಜ್ಜೆ ಕ್ರಾಸಿಂಗ್ ಬದಲಾವಣೆಯಾದರೆ ಲೆಕ್ಕ ಸುಲಭ. ಎರಡು ಉಂಗುರಗಳ ನಡುವಿನ ಕ್ರಾಸಿಂಗ್ ಬದಲಿಸಿದಾಗ ಲಿಂಕಿಂಗ್ ಸಂಖ್ಯೆ ಒಂದು ಮಾತ್ರ ಕದಲುತ್ತದೆ, ಒಂದೇ ಉಂಗುರದ ಒಳಗಿನ ಕ್ರಾಸಿಂಗ್ ಬದಲಿಸಿದರೆ ಕದಲುವುದೇ ಇಲ್ಲ. 3ರಿಂದ 0ಗೆ ಬರಲು ಮೂರು ಹೆಜ್ಜೆ, ಮೂರು ಸಾಕು ಕೂಡ. ನೀವು ನೋಡಿದ 3 ಇದು. ಇಲ್ಲಿ ಬಹುಪದೋಕ್ತಿಯ ಅಗತ್ಯವೇ ಬೀಳಲಿಲ್ಲ.

ಉಳಿದ ಮೂರು ಸಂಖ್ಯೆಗಳು ಬ್ಯಾಂಡ್ ಸರ್ಜರಿಯವು. ಎರಡು ಎಳೆಗಳ ನಡುವೆ ಒಂದು ಪಟ್ಟಿ ಇಟ್ಟು, ಅದರ ತುದಿಗಳಲ್ಲಿ ಎಳೆಗಳನ್ನು ಕತ್ತರಿಸಿ, ಬಾಣಗಳು ಹೊಂದುವಂತೆ ಪಟ್ಟಿಯ ಅಂಚುಗಳ ಗುಂಟ ಜೋಡಿಸುವುದು ಒಂದು ಹೆಜ್ಜೆ. ಪ್ರತಿ ಹೆಜ್ಜೆಗೂ ಉಂಗುರಗಳ ಸಂಖ್ಯೆ ಒಂದು ಹೆಚ್ಚುತ್ತದೆ ಅಥವಾ ಒಂದು ಕಡಿಮೆಯಾಗುತ್ತದೆ. ಸಿಗ್ನೇಚರ್ 1ಕ್ಕಿಂತ ಹೆಚ್ಚು ಕದಲುವುದಿಲ್ಲ. ಜೋನ್ಸ್ ಬೆಲೆಗೂ, ಅದೇ 30 ಡಿಗ್ರಿಯ ಜಾಗದಲ್ಲಿ, ಒಂದು ನಿಯಮವಿದೆ: ಅನುಪಾತ ಐ, −ಐ, −√3, −1/√3 ಇವುಗಳಲ್ಲಿ ಒಂದಾಗಿರಬೇಕು. ಬ್ಯಾಂಡ್ ಸರ್ಜರಿಯ ದೂರಗಳನ್ನು ಪಟ್ಟಿ ಮಾಡಿದ ತೈಜೊ ಕನೆನೊಬು ಅವರ ಕೆಲಸದಲ್ಲಿ ಇದು ಮುಖ್ಯ ಸಾಧನ.

ಎರಡು ಉಂಗುರಗಳ ಬಾಣಗಳು ಒಂದೇ ಕಡೆಗೆ ಸಾಗುತ್ತಿದ್ದರೆ (2,6)ರ ಸಿಗ್ನೇಚರ್‌ನ ಗಾತ್ರ 5. ಒಂದು ಕ್ರಾಸಿಂಗನ್ನು ಕತ್ತರಿಸಿ ಜೋಡಿಸಿದರೆ 5₁, ಮತ್ತೊಂದನ್ನು ಮಾಡಿದರೆ (2,4) ಕೊಂಡಿ, ಆಮೇಲೆ ಟ್ರೆಫಾಯಿಲ್, ಹಾಫ್ ಕೊಂಡಿ, ಬರಿ ಉಂಗುರ, ಕೊನೆಗೆ ಬಿಡಿಬಿಡಿಯಾದ ಎರಡು ಉಂಗುರ. ಸಿಗ್ನೇಚರ್‌ಗಳು 5, 4, 3, 2, 1, 0, 0. ಬರಿ ಉಂಗುರ ತಲುಪಲು 5 ಹೆಜ್ಜೆ ಬೇಕೇ ಬೇಕು, ಐದು ಸಾಕು: ನೀವು ನೋಡಿದ 5. ಬಿಡಿ ಉಂಗುರಗಳ ಜೋಡಿ ತಲುಪಲೂ ಸಿಗ್ನೇಚರ್ ಕೇಳುವುದು ಐದನ್ನೇ. ಆದರೆ ಆರಂಭದಲ್ಲಿ ಎರಡು ಉಂಗುರ, ಕೊನೆಯಲ್ಲೂ ಎರಡು, ಹಾಗಾಗಿ ಹೆಜ್ಜೆಗಳು ಸಮಸಂಖ್ಯೆಯಲ್ಲಿರಬೇಕು. ಆದ್ದರಿಂದ 6.

ಈ ಸರಪಳಿಯ ಜೋನ್ಸ್ ಬೆಲೆಗಳನ್ನೂ ಪರೀಕ್ಷೆಗಾಗಿ ಕೊಡುತ್ತೇನೆ, ಧನ ಕ್ರಾಸಿಂಗ್‌ಗಳಿರುವಾಗ: √3, −1, −ಐ, ಐ√3, −ಐ, 1, −√3. ಅಕ್ಕಪಕ್ಕದವುಗಳ ಅನುಪಾತ ತೆಗೆದು ನೋಡಿ, ಪ್ರತಿಯೊಂದೂ ಮೇಲಿನ ನಾಲ್ಕರಲ್ಲಿ ಬೀಳುತ್ತದೆ. ಆದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಅನುಪಾತ −1. ಐ ಅನ್ನು ಐನಿಂದ ಗುಣಿಸಿದರೆ −1, ಅಂದರೆ ಎರಡೇ ಹೆಜ್ಜೆ ಸಾಕು ಎಂದರೂ ಜೋನ್ಸ್ ಬೆಲೆ ತಕರಾರು ಮಾಡುವುದಿಲ್ಲ. ಟ್ರೆಫಾಯಿಲ್ ಮತ್ತು ಎಂಟಾಕಾರದ ಲೆಕ್ಕದಲ್ಲಿ ಅಷ್ಟು ಚುರುಕಾಗಿದ್ದ ಸಾಧನ ಇಲ್ಲಿ ನಿಷ್ಪ್ರಯೋಜಕ.

ಈ ಸರಪಳಿ ಬರಿ ಕಾಗದದ ಮೇಲಿನದಲ್ಲ. ಇ. ಕೊಲೈ ಬ್ಯಾಕ್ಟೀರಿಯಾದ ಕ್ರೋಮೋಸೋಮ್ ಉಂಗುರಾಕಾರದ ಡಿಎನ್ಎ. ಅದು ಪ್ರತಿಯಾದಾಗ ಎರಡು ಉಂಗುರಗಳು ಹೀಗೆಯೇ ಹೆಣೆದುಕೊಂಡು ಉಳಿಯುತ್ತವೆ. ಟೋಪೋ-4 ಎಂಬ ಕಿಣ್ವ ಒಂದು ಡಿಎನ್ಎಯ ಎರಡೂ ಎಳೆಗಳನ್ನು ಕತ್ತರಿಸಿ ಇನ್ನೊಂದನ್ನು ಅದರ ಮೂಲಕ ದಾಟಿಸಿ ಮತ್ತೆ ಬೆಸೆಯುತ್ತದೆ: ಗಣಿತದ ಭಾಷೆಯಲ್ಲಿ ಕ್ರಾಸಿಂಗ್ ಬದಲಾವಣೆ. ಜೆರ್‌ಸಿ, ಜೆರ್‌ಡಿ ಎಂಬ ಕಿಣ್ವಗಳು ‘ಡಿಫ್’ ಎಂಬ 28 ಬೇಸ್ ಜೋಡಿಗಳ ಜಾಗದಲ್ಲಿ, ಎಫ್‌ಟಿಎಸ್‌ಕೆ ಎಂಬ ಪ್ರೋಟೀನ್‌ನ ನೆರವಿನಿಂದ, ಕತ್ತರಿಸಿ ಮರುಜೋಡಿಸುತ್ತವೆ: ಅದು ಬ್ಯಾಂಡ್ ಸರ್ಜರಿ. ಶಿಮೊಕಾವಾ, ಇಶಿಹಾರಾ, ಗ್ರೇಂಜ್, ಶೆರಟ್, ವಾಸ್ಕೆಜ್ ಇವರು 2013ರಲ್ಲಿ ತೋರಿಸಿದ್ದು ಇದು: ಪ್ರತಿ ಹೆಜ್ಜೆಗೂ ಕ್ರಾಸಿಂಗ್‌ಗಳು ಕಡಿಮೆಯಾಗುತ್ತಲೇ ಹೋಗಬೇಕು ಎಂದು ಇಟ್ಟುಕೊಂಡರೆ, (2,6)ರಿಂದ ಬಿಡಿ ಉಂಗುರಗಳಿಗೆ ಇರುವ ದಾರಿ ಮೇಲೆ ಬರೆದ ಆರು ಹೆಜ್ಜೆಗಳದು ಮಾತ್ರ. ಒಂದು ಕಿಣ್ವದ ಲೆಕ್ಕದಲ್ಲಿ ದೂರ 3, ಇನ್ನೊಂದರ ಲೆಕ್ಕದಲ್ಲಿ 6.

ಇನ್ನು ಉಳಿದ 1. ಒಂದು ಉಂಗುರದ ಬಾಣವನ್ನು ಮಾತ್ರ ತಿರುಗಿಸಿ. ಈಗ ಎರಡು ಉಂಗುರಗಳು ಒಂದು ತಿರುಚಿದ ಪಟ್ಟಿಯ ಎರಡು ಅಂಚುಗಳಾಗುತ್ತವೆ, ಬಾಣಗಳೂ ಅಂಚಿಗೆ ಹೊಂದುತ್ತವೆ. ಆ ಪಟ್ಟಿಯನ್ನು ಅಡ್ಡಕ್ಕೆ ಒಮ್ಮೆ ಕತ್ತರಿಸಿದರೆ ಉಳಿಯುವುದು ಬರಿ ಉಂಗುರ. ಒಂದೇ ಹೆಜ್ಜೆ! ಸಿಗ್ನೇಚರ್ ಕೂಡ ಒಪ್ಪುತ್ತದೆ: ಒಂದು ಉಂಗುರದ ಬಾಣ ತಿರುಗಿಸಿದಾಗ ಸಿಗ್ನೇಚರ್‌ಗೆ ಮೊದಲಿದ್ದ ಲಿಂಕಿಂಗ್ ಸಂಖ್ಯೆಯ ಎರಡರಷ್ಟು ಸೇರುತ್ತದೆ, −5 + 6 = 1. ದಾರಗಳ ಆಕಾರ ಅದೇ, ಬಾಣ ಮಾತ್ರ ಬೇರೆ, ದೂರ 5ರಿಂದ 1ಕ್ಕೆ ಇಳಿಯಿತು. ಕೊಂಡಿಗಳ ಪಟ್ಟಿಯಿಂದ ಸಂಖ್ಯೆ ಎತ್ತಿಕೊಳ್ಳುವಾಗ ಆಗುವ ಅತಿ ದೊಡ್ಡ ತಪ್ಪು ಇದೇ: ಪಟ್ಟಿಯವರು ಯಾವ ಬಾಣ ಹಿಡಿದಿದ್ದಾರೆ ಎಂದು ನೋಡದಿರುವುದು. ಜೋನ್ಸ್ ಬಹುಪದೋಕ್ತಿಗೂ ಇದು ತಟ್ಟುತ್ತದೆ, ಆದರೆ ಸೌಮ್ಯವಾಗಿ: ತಿರುಗಿಸಿದ ಉಂಗುರದ ಲಿಂಕಿಂಗ್ ಸಂಖ್ಯೆಯನ್ನು 6ರಿಂದ ಗುಣಿಸಿ, ಸ ಅಕ್ಷರದ ಅಷ್ಟು ಘಾತದಿಂದ ಭಾಗಿಸಿದರೆ ಮುಗಿಯಿತು.

ನೀವು ಸ್ವಂತವಾಗಿ ಲೆಕ್ಕ ಹಾಕುವಾಗ ಎಲ್ಲಿ ಕೆಡುತ್ತದೆ ಎಂದರೆ, ಮೊದಲು ರೂಢಿಗಳಲ್ಲಿ. ಕೆಲವು ಪುಸ್ತಕ ಮತ್ತು ಪ್ರೋಗ್ರಾಂಗಳಲ್ಲಿ ಬಲಗೈ ಟ್ರೆಫಾಯಿಲ್‌ನ ಸಿಗ್ನೇಚರ್ −2, ಕೆಲವುಗಳಲ್ಲಿ +2. ಕೆಲವು ಪಟ್ಟಿಗಳ 3₁ (ಟ್ರೆಫಾಯಿಲ್) ಎಡಗೈಯದು, ಕೆಲವುಗಳದು ಬಲಗೈಯದು. ಜೋನ್ಸ್ ಚರಾಕ್ಷರವನ್ನು ಅದರ ವಿಲೋಮದಿಂದ ಬದಲಿಸಿಕೊಂಡವರೂ ಇದ್ದಾರೆ. ದಿಕ್ಕಿನ ಸೂತ್ರ ಬಳಸುವಾಗ ಇದರಲ್ಲಿ ಒಂದೇ ಒಂದು ತಪ್ಪಿದರೂ ತೀರ್ಮಾನ ತಲೆಕೆಳಗಾಗುತ್ತದೆ. ಯಾವುದೇ ಪ್ರೋಗ್ರಾಂ ನಂಬುವ ಮೊದಲು ಮೂರೂ ಕ್ರಾಸಿಂಗ್ ಧನವಾಗಿರುವ ಟ್ರೆಫಾಯಿಲ್‌ ಅನ್ನು ಕೊಟ್ಟು, ಐ√3 ಮತ್ತು −2 ಎರಡೂ ಬರುತ್ತವೆಯೇ ನೋಡಿ. ಬಾರದಿದ್ದರೆ ಯಾವುದನ್ನು ತಿರುಗಿಸಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಕೊಂಡಿಗಳಿಗೆ ಇನ್ನೊಂದು ಎಚ್ಚರ: ವರ್ಗಮೂಲವನ್ನು 30 ಡಿಗ್ರಿಯಲ್ಲೇ ಹಿಡಿಯಬೇಕು. 210 ಡಿಗ್ರಿಯಲ್ಲಿ ಹಿಡಿದರೆ ಉಂಗುರಗಳ ಸಂಖ್ಯೆ ಸಮವಾಗಿರುವಲ್ಲೆಲ್ಲ ಚಿಹ್ನೆ ಬದಲಾಗಿ, −√3 ಇರಬೇಕಾದಲ್ಲಿ √3 ಬಂದು, ಇರುವ ಹೆಜ್ಜೆಯನ್ನೇ ಇಲ್ಲ ಎಂದುಬಿಡುತ್ತೀರಿ. ದಶಮಾಂಶದಲ್ಲಿ ಲೆಕ್ಕ ಹಾಕಿದರೆ ಗಾತ್ರದ ವರ್ಗ 3ರ ಘಾತಕ್ಕೆ ಹತ್ತಿರವಿದೆಯೇ ಎಂದು ಪ್ರತಿ ಸಲ ನೋಡಿ. ಇಲ್ಲದಿದ್ದರೆ ಚಿತ್ರವನ್ನು ದಾಖಲಿಸುವಾಗಲೋ ಲೆಕ್ಕದಲ್ಲೋ ಎಲ್ಲೋ ತಪ್ಪಿದೆ.

ದೊಡ್ಡ ಗಂಟುಗಳಿಗೆ ಇಡೀ ಜೋನ್ಸ್ ಬಹುಪದೋಕ್ತಿ ತೆಗೆಯುವುದು ಭಾರೀ ಕೆಲಸ. ಕ್ರಾಸಿಂಗ್‌ಗಳು ಹೆಚ್ಚಿದಂತೆ ಸಮಯ ಘಾತೀಯವಾಗಿ ಬೆಳೆಯುತ್ತದೆ. ಆದರೆ ನಮ್ಮ 30 ಡಿಗ್ರಿಯ ಬೆಲೆ ಸುಲಭವಾಗಿ ಲೆಕ್ಕ ಹಾಕಬಹುದಾದ ಬೆರಳೆಣಿಕೆಯ ಬೆಲೆಗಳಲ್ಲೊಂದು. ಅದರ ಗಾತ್ರಕ್ಕೆ ಬೇಕಾದದ್ದು ಮೂರು ಬಣ್ಣಗಳ ಸಮೀಕರಣಗಳು ಮಾತ್ರ, 3ರಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ ಮಾತೃಕೆಯನ್ನು ಬಿಡಿಸಿದರೆ ಸಾಕು.

ಮೇಲಿನ ಮಿತಿಯ ಕಡೆಯೂ ಮೋಸಹೋಗಬಹುದು. ಅತಿ ಕಡಿಮೆ ಕ್ರಾಸಿಂಗ್‌ಗಳ ಚಿತ್ರದಲ್ಲಿ ಹುಡುಕಿದರೆ ಸಾಕು ಎಂದು ಅನ್ನಿಸುತ್ತದೆ. 10₈ ಎಂಬ ಗಂಟನ್ನು ಹತ್ತು ಕ್ರಾಸಿಂಗ್‌ಗಳ ಚಿತ್ರದಲ್ಲಿ ಬಿಡಿಸಲು ಮೂರು ಬದಲಾವಣೆ ಬೇಕು, ಆದರೆ ಕ್ರಾಸಿಂಗ್ ಹೆಚ್ಚಿರುವ ಬೇರೆ ಚಿತ್ರದಲ್ಲಿ ಎರಡೇ ಸಾಕು. 1980ರ ದಶಕದ ಆರಂಭದಲ್ಲಿ ನಕಾನಿಶಿ ಮತ್ತು ಬ್ಲೈಲರ್ ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. 7₁ ಗಂಟಿಗೆ ಮೂರು, ಅದರ ಕನ್ನಡಿ ಬಿಂಬಕ್ಕೆ ಮೂರು, ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದರೆ ಆರು ಎಂದು ದಶಕಗಳ ಕಾಲ ನಂಬಿದ್ದರು. 2025ರಲ್ಲಿ ಮಾರ್ಕ್ ಬ್ರಿಟನ್‌ಹ್ಯಾಮ್ ಮತ್ತು ಸುಸಾನ್ ಹರ್ಮಿಲರ್ ಐದರಲ್ಲೇ ಬಿಡಿಸಿ ತೋರಿಸಿದರು. ಸಿಗ್ನೇಚರ್ ಅಲ್ಲಿ 0. ನಮ್ಮ ಜೋನ್ಸ್ ಬೆಲೆಯೂ ಅಲ್ಲಿ ಸುಮ್ಮನಿರುತ್ತದೆ, ಏಕೆಂದರೆ ಆ ಗಂಟಿಗೆ ಒಂದೇ ಬಣ್ಣದ ಮೂರು ವಿಧಾನ ಬಿಟ್ಟರೆ ಬೇರೆ ತ್ರಿವರ್ಣ ವಿಧಾನಗಳೇ ಇಲ್ಲ.

ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ದೂರದ ಸಂಖ್ಯೆಯ ಪಕ್ಕದಲ್ಲಿ ನಾಲ್ಕು ವಿಷಯ ಬರೆದಿಡಿ: ಹೆಜ್ಜೆ ಯಾವುದು, ಬಾಣಗಳು ಹೇಗಿವೆ, ಕನ್ನಡಿ ಬಿಂಬಗಳಲ್ಲಿ ಯಾವುದು, ಕೆಳಮಿತಿ ಯಾವ ಸಾಧನದಿಂದ ಬಂತು. ಟ್ರೆಫಾಯಿಲ್–ಎಂಟಾಕಾರದ ಜೋಡಿಗೆ ಆ ಸಾಲು ಹೀಗಿರುತ್ತದೆ: ಕ್ರಾಸಿಂಗ್ ಬದಲಾವಣೆ, ಗಂಟುಗಳಾದ್ದರಿಂದ ಬಾಣ ಯಾವುದಾದರೂ ಸರಿ, ಬಲಗೈ, ಎಡಗೈ ಎರಡಕ್ಕೂ, ಧನದಿಂದ ಋಣಕ್ಕೆ ಜೋನ್ಸ್ ತಡೆ, ಋಣದಿಂದ ಧನಕ್ಕೆ ಸಿಗ್ನೇಚರ್ ತಡೆ, ದೂರ 2.